ವಯಸ್ಸಾದ ಬಾಡಿಗೆದಾರರು ಮತ್ತು ಬಾಡಿಗೆ ಏರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಪತ್ರ ಬರೆದು ಕೇಳಿದವು, ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಸಾಲಿನಲ್ಲಿ ನಿಂತು ಕೇಳಿದವು ಕೂಡ ಸೇರಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಇದು ಮುಖ್ಯವಾಗಿ ಕರ್ನಾಟಕದ, ಅದರಲ್ಲೂ ಬೆಂಗಳೂರಿನ ಕಥೆ. ಮುಂಬಯಿ ಕನ್ನಡಿಗರ ಪ್ರಶ್ನೆಗಳೂ ಬಂದಿದ್ದರಿಂದ ಅವಕ್ಕೂ ಜಾಗ ಕೊಟ್ಟಿದ್ದೇನೆ. ನಿಮ್ಮ ಕೈಗೆ ನೋಟಿಸ್ ಬಂದಿದ್ದರೆ ಇದನ್ನು ಓದಿ ಸುಮ್ಮನಾಗಬೇಡಿ. ನೋಟಿಸ್ ಹಿಡಿದುಕೊಂಡು ವಕೀಲರ ಬಳಿ ಹೋಗಿ.

## ಮೊದಲು ತಿಳಿಯಬೇಕಾದ್ದು

ನನಗೆ ಎಪ್ಪತ್ತೆರಡು ವರ್ಷ. ಸೀನಿಯರ್ ಸಿಟಿಜನ್‌ಗೆ ಇಷ್ಟಕ್ಕಿಂತ ಹೆಚ್ಚು ಬಾಡಿಗೆ ಏರಿಸಬಾರದು ಅಂತ ಕಾನೂನು ಇದೆಯಾ ಸಾರ್?

ಕರ್ನಾಟಕದಲ್ಲಿ ಇಲ್ಲ. ರೈಲಿನಲ್ಲಿ ಕೆಳಗಿನ ಬರ್ತ್ ಸಿಗುತ್ತದೆ, ಬ್ಯಾಂಕಿನಲ್ಲಿ ಠೇವಣಿಗೆ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಸಿಗುತ್ತದೆ. ಬಾಡಿಗೆ ಮನೆಯಲ್ಲಿ ಮಾತ್ರ ವಯಸ್ಸಿಗೆ ರಿಯಾಯಿತಿಯಿಲ್ಲ. ಇಪ್ಪತ್ತೈದರ ಸಾಫ್ಟ್‌ವೇರ್ ಹುಡುಗನಿಗೂ ಎಪ್ಪತ್ತೈದರ ನಿವೃತ್ತ ಮೇಷ್ಟ್ರಿಗೂ ಅನ್ವಯಿಸುವ ಕಾನೂನು ಒಂದೇ.

ನಿಮ್ಮ ಬಾಡಿಗೆಗೆ ಮಿತಿ ಹಾಕುವುದು ನಿಮ್ಮ ವಯಸ್ಸಲ್ಲ, ನಿಮ್ಮ ಕರಾರು ಪತ್ರ. ಅದರಲ್ಲಿ ಏನು ಬರೆದಿದೆ, ಎಷ್ಟು ಅವಧಿಗೆ ಬರೆದಿದೆ, ನೋಂದಣಿ ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದು ಸಣ್ಣ ಗುಂಪಿಗೆ ಮಾತ್ರ, ಅಂದರೆ ತೀರಾ ಕಡಿಮೆ ಬಾಡಿಗೆಯ ಹಳೇ ಮನೆಗಳಲ್ಲಿ ಇರುವವರಿಗೆ, ಕಾಯ್ದೆಯ ನೇರ ರಕ್ಷಣೆ ಉಂಟು.

ಹಾಗಾದರೆ ರೆಂಟ್ ಕಂಟ್ರೋಲ್ ಅಂತಾರಲ್ಲ, ಅದು ಏನಾಯ್ತು?

ಹಿರಿಯರ ನೆನಪಿನಲ್ಲಿರುವುದು 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ. ಅದನ್ನು ತೆಗೆದುಹಾಕಿ ತಂದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಹೆಸರಿನಲ್ಲಿ 1999 ಇದ್ದರೂ ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಹೊಸ ಕಾಯ್ದೆಯ ಹೆಸರಿನಿಂದಲೇ ‘ನಿಯಂತ್ರಣ’ ಎಂಬ ಪದ ಬಿದ್ದುಹೋಯಿತು. ಹೆಸರಿಗೆ ತಕ್ಕಂತೆಯೇ ಇದೆ ಕಾಯ್ದೆ.

ಇದರಲ್ಲಿ ಒಂದು ಗೆರೆ ಇದೆ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದರೆ ಈ ಕಾಯ್ದೆ ಅನ್ವಯವೇ ಆಗುವುದಿಲ್ಲ. 2001ರಲ್ಲಿ 3,500 ರೂಪಾಯಿಗೆ ಒಳ್ಳೆಯ ಮನೆಯೇ ಸಿಗುತ್ತಿತ್ತು. ಇವತ್ತು ಬೆಂಗಳೂರಿನಲ್ಲಿ ಆ ದುಡ್ಡಿಗೆ ಪೇಯಿಂಗ್ ಗೆಸ್ಟ್ ಹಾಸಿಗೆಯೂ ಕಷ್ಟ. ಊರು ಬೆಳೆಯಿತು, ಗೆರೆ ನಿಂತಲ್ಲೇ ನಿಂತಿತು. ಹೀಗಾಗಿ ಈಗ ಬಾಡಿಗೆಗೆ ಹೋಗುವ ಬಹುಪಾಲು ಮನೆಗಳು ಕಾಯ್ದೆಯ ಹೊರಗೇ ಇವೆ.

ಹೊರಗೆ ಅಂದ್ರೆ? ನಮಗೆ ಯಾವ ಕಾನೂನೂ ಇಲ್ವಾ?

ಇದೆ. ಬ್ರಿಟಿಷರ ಕಾಲದ ಆಸ್ತಿ ವರ್ಗಾವಣೆ ಕಾಯ್ದೆ, 1882. ಅದರ ದೃಷ್ಟಿಯಲ್ಲಿ ಬಾಡಿಗೆ ಎಂಬುದು ಇಬ್ಬರ ನಡುವಿನ ಒಪ್ಪಂದ. ಒಪ್ಪಂದದ ಅವಧಿಯಲ್ಲಿ ಒಬ್ಬರೇ ಕೂತು ಷರತ್ತು ಬದಲಿಸುವಂತಿಲ್ಲ. ಅವಧಿ ಮುಗಿದ ಮೇಲೆ ಓನರ್ ಎಷ್ಟು ಬೇಕಾದರೂ ಕೇಳಬಹುದು. ಒಪ್ಪುವುದೋ ಖಾಲಿ ಮಾಡುವುದೋ ನಿಮಗೆ ಬಿಟ್ಟದ್ದು.

ವರ್ಷಕ್ಕೆ ಐದೋ ಹತ್ತೋ ಪರ್ಸೆಂಟ್ ಅಂತಾರಲ್ಲ, ಅದು ಸರ್ಕಾರದ ರೂಲಾ?

ಅಲ್ಲ, ಬೆಂಗಳೂರಿನ ರೂಢಿ. ಹನ್ನೊಂದು ತಿಂಗಳ ಅಗ್ರಿಮೆಂಟಿನ ಅಚ್ಚಿನಲ್ಲೇ ಆ ಸಾಲು ಕೂತಿರುತ್ತದೆ, ಎಲ್ಲರೂ ಓದದೆ ಸಹಿ ಹಾಕುತ್ತಾರೆ.

ಆದರೆ ಐದಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಈಗ 18,000 ರೂಪಾಯಿ ಬಾಡಿಗೆ ಅನ್ನೋಣ. ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಐದು ವರ್ಷದ ಕೊನೆಗೆ ಹತ್ತಿರ ಹತ್ತಿರ 23,000. ಶೇಕಡಾ 10 ಆದರೆ 29,000. ತಿಂಗಳಿಗೆ ಆರು ಸಾವಿರದ ಅಂತರ, ಅಂದರೆ ಇಬ್ಬರ ಔಷಧಿ ಖರ್ಚು. ಸಂಬಳದವರಿಗೆ ಇನ್‌ಕ್ರಿಮೆಂಟ್ ಬರುತ್ತದೆ. ಸರ್ಕಾರಿ ಪೆನ್ಷನ್‌ಗೆ ತುಟ್ಟಿಭತ್ಯೆ ಸೇರುತ್ತದೆ. ಖಾಸಗಿ ಕಂಪನಿಯಿಂದ ನಿವೃತ್ತರಾದವರಿಗೆ ಪಿಎಫ್ ಕಚೇರಿಯಿಂದ ಬರುವ ಇಪಿಎಸ್ ಪೆನ್ಷನ್‌ಗೆ ಅದೂ ಇಲ್ಲ. ಆದ್ದರಿಂದ ಸಹಿ ಹಾಕುವ ದಿನ ನೀವು ಚೌಕಾಸಿ ಮಾಡಬೇಕಾದ್ದು ಬಾಡಿಗೆಯ ಮೊತ್ತಕ್ಕಿಂತ ಹೆಚ್ಚಾಗಿ ಈ ಶೇಕಡಾವಾರಿನ ಮೇಲೆ. ನಮ್ಮಲ್ಲಿ ಮಾಡುವುದು ಉಲ್ಟಾ: ಐನೂರು ರೂಪಾಯಿ ಇಳಿಸಲು ಅರ್ಧ ಗಂಟೆ ಜಗ್ಗಾಡಿ ಹತ್ತು ಪರ್ಸೆಂಟಿಗೆ ಕಣ್ಣುಮುಚ್ಚಿ ಒಪ್ಪುತ್ತೇವೆ.

ಎರಡು ತಿಂಗಳ ಅಡ್ವಾನ್ಸ್ ಸಾಕು, ವರ್ಷಕ್ಕೊಂದೇ ಸಲ ಬಾಡಿಗೆ ಏರಿಸಬೇಕು ಅಂತ ಹೊಸ ಕಾನೂನು ಬಂದಿದೆಯಂತೆ. ವಾಟ್ಸಾಪಲ್ಲಿ ಬಂತು.

ನನಗೂ ಬಂತು, ನಾಲ್ಕು ಗುಂಪಿನಿಂದ. ಅದರ ಮೂಲ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಗರಿಷ್ಠ ಎರಡು ತಿಂಗಳ ಠೇವಣಿ, ಬಾಡಿಗೆ ಏರಿಸಲು ಮೂರು ತಿಂಗಳ ಮುಂಚೆ ಲಿಖಿತ ಸೂಚನೆ, ಇವೆಲ್ಲ ಅದರಲ್ಲಿರುವುದು ನಿಜ. ಆದರೆ ಅದು ಬರೀ ಮಾದರಿ. ರಾಜ್ಯ ತನ್ನ ಶಾಸನಸಭೆಯಲ್ಲಿ ಕಾಯ್ದೆ ಮಾಡಿಕೊಂಡರೆ ಮಾತ್ರ ಜೀವ. ಕರ್ನಾಟಕ ಅದನ್ನು ಅಳವಡಿಸಿಕೊಂಡಿಲ್ಲ. ಉತ್ತರ ಪ್ರದೇಶ 2021ರಲ್ಲಿ ತನ್ನದೇ ಕಾಯ್ದೆ ತಂದು ವಾಸದ ಮನೆಗೆ ವರ್ಷಕ್ಕೆ ಶೇಕಡಾ 5, ಅಂಗಡಿ ಮುಂಗಟ್ಟಿಗೆ ಶೇಕಡಾ 7 ಎಂದು ಮಿತಿ ಹಾಕಿತು. ಅಂಥದ್ದು ನಮ್ಮಲ್ಲಿಲ್ಲ. ಓನರ್ ಮುಂದೆ ಆ ಫಾರ್ವರ್ಡ್ ಹಿಡಿದು ವಾದಿಸಿದರೆ ಇದ್ದ ಸಲಿಗೆಯೂ ಹೋಗುತ್ತದೆ.

## ಕರಾರು ಪತ್ರದ ಬಗ್ಗೆ

ಎಲ್ಲರೂ ಹನ್ನೊಂದು ತಿಂಗಳಿಗೇ ಯಾಕೆ ಬರೀತಾರೆ?

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ, ಹೆಚ್ಚಿನ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ತಪ್ಪಿಸಲು ಹನ್ನೊಂದು ತಿಂಗಳು. ಇಬ್ಬರಿಗೂ ಸುಲಭ ಅನ್ನಿಸುತ್ತದೆ.

ಈ ಸುಲಭಕ್ಕೆ ಬೆಲೆ ತೆರುವವರು ವಯಸ್ಸಾದವರು. ಹುಡುಗರಿಗೆ ಹನ್ನೊಂದು ತಿಂಗಳಾದ ಮೇಲೆ ಮನೆ ಬದಲಿಸುವುದೆಂದರೆ ಒಂದು ಮಿನಿ ಲಾರಿ, ಎರಡು ದಿನ ರಜೆ. ಎಪ್ಪತ್ತು ದಾಟಿದವರಿಗೆ ಹಾಗಲ್ಲ. ಡಾಕ್ಟರು ಹತ್ತಿರವಿರಬೇಕು, ನೆಲಮಹಡಿಯೇ ಆಗಬೇಕು, ಹಾಲಿನವನು, ಮೆಡಿಕಲ್ ಶಾಪಿನವನು, ಎದುರು ಮನೆಯವರು ಪರಿಚಯದವರಾಗಿರಬೇಕು. ವಯಸ್ಸಾದವರಿಗೆ ಮನೆ ಕೊಡಲು ಹಿಂದೇಟು ಹಾಕುವ ಓನರ್‌ಗಳೂ ಉಂಟು. ಎದುರಿಗಿರುವವರಿಗೆ ಬಿಟ್ಟುಹೋಗುವ ದಾರಿಯಿಲ್ಲ ಎಂದು ಗೊತ್ತಾದ ಕೂಡಲೆ ಬಾಡಿಗೆ ಕೇಳುವ ದನಿಯೇ ಬದಲಾಗುತ್ತದೆ. ಹನ್ನೊಂದು ತಿಂಗಳಿಗೊಮ್ಮೆ ಆ ಸಂದರ್ಭವನ್ನು ನಾವೇ ಕರೆತರುತ್ತಿದ್ದೇವೆ.

ಮತ್ತೆ ಏನು ಮಾಡಬೇಕು? ಒಂದು ದಾರಿ ಹೇಳಿ.

ಮೂರೋ ಐದೋ ವರ್ಷಕ್ಕೆ ನೋಂದಾಯಿತ ಕರಾರು ಮಾಡಿಸಿಕೊಳ್ಳಿ. ಪ್ರತಿ ವರ್ಷದ ಬಾಡಿಗೆ ಎಷ್ಟೆಂದು ರೂಪಾಯಿ ಲೆಕ್ಕದಲ್ಲೇ ಬರೆಸಿ. ಮೊದಲ ವರ್ಷ ಇಷ್ಟು, ಎರಡನೇ ವರ್ಷ ಇಷ್ಟು. ‘ಮಾರುಕಟ್ಟೆ ದರದಂತೆ’, ‘ಪರಸ್ಪರ ಒಪ್ಪಿ’ ಎಂಬ ಪದಗಳು ಬೇಡ. ಅವು ಇದ್ದರೆ ಕರಾರು ಇದ್ದೂ ಇಲ್ಲದಂತೆ. ಕರ್ನಾಟಕದಲ್ಲಿ ಹಿರಿಯ ಬಾಡಿಗೆದಾರರಿಗೆ ಸಿಗಬಹುದಾದ ನಿಜವಾದ ಬಾಡಿಗೆ ಮಿತಿ ಎಂದರೆ ಇದೊಂದೇ ಎಂಬುದು ನನ್ನ ಅಭಿಪ್ರಾಯ.

ಇನ್ನೆರಡು ಷರತ್ತು ಸೇರಿಸಿ. ಒಂದು, ಅವಧಿಗೆ ಮುಂಚೆ ಬಿಡುವ ಹಕ್ಕು ನಿಮಗಿರಲಿ. ಎರಡು ತಿಂಗಳ ಸೂಚನೆ ಕೊಟ್ಟರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂದಿರಲಿ. ಆಸ್ಪತ್ರೆ, ಮಗಳ ಊರು, ಯಾವುದು ಯಾವಾಗ ಕರೆಯುತ್ತದೋ. ಎರಡು, ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಲಿ. ನೋಂದಣಿ ಖರ್ಚನ್ನು ನೀವೇ ಹೊರುತ್ತೇನೆಂದರೆ ಅನೇಕ ಓನರ್‌ಗಳು ಒಪ್ಪುತ್ತಾರೆ. ಸಮಯಕ್ಕೆ ಬಾಡಿಗೆ ಕೊಟ್ಟು ಗೋಡೆಗೆ ಮೊಳೆ ಹೊಡೆಯದ ಹಿರಿಯ ದಂಪತಿ ಅವರಿಗೂ ಲಾಭವೇ.

ಓನರ್ ಒಳ್ಳೆಯವರು, ಹದಿನೈದು ವರ್ಷದಿಂದ ಬಾಯಿಮಾತಲ್ಲೇ ಇದ್ದೀವಿ. ಈಗ ಕಾಗದ ಕೇಳಿದರೆ ಬೇಜಾರು ಮಾಡ್ಕೊಳಲ್ವಾ?

ಒಳ್ಳೆಯವರು ಇರುವಾಗಲೇ ಕೇಳಬೇಕು. ಅವರ ನಂತರ ನಿಮ್ಮೆದುರು ಕೂರುವವರು ಅವರ ಮಕ್ಕಳು. ಅವರಿಗೆ ನೀವು ‘ಅಂಕಲ್’, ಮನೆ ‘ಪ್ರಾಪರ್ಟಿ’.

ಕಾಗದವಿಲ್ಲದ ಬಾಡಿಗೆಯನ್ನು ಕಾನೂನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ನೋಡುತ್ತದೆ. 1882ರ ಕಾಯ್ದೆಯ 106ನೇ ಕಲಂ ಪ್ರಕಾರ ಅದನ್ನು ಮುಗಿಸಲು ಹದಿನೈದು ದಿನದ ನೋಟಿಸ್ ಸಾಕು. ಹದಿನೈದು ವರ್ಷದ ವಾಸಕ್ಕೆ ಹದಿನೈದು ದಿನ.

ಲೀಸ್‌ಗೆ ಹಾಕಿಬಿಟ್ಟರೆ ಬಾಡಿಗೆ ಏರಿಕೆಯ ತಲೆನೋವೇ ಇರಲ್ಲ ಅಲ್ವಾ? ಪಿಎಫ್ ದುಡ್ಡು ಇದೆ.

ತಲೆನೋವು ಹೋಗಿ ಎದೆನೋವು ಬಂದೀತು. ಬೆಂಗಳೂರಿನಲ್ಲಿ ‘ಲೀಸ್’ ಎನ್ನುವುದು ಹಳ್ಳಿಯ ಭೋಗ್ಯದ ನಗರಾವತಾರ. ಹತ್ತು, ಹದಿನೈದು, ಇಪ್ಪತ್ತು ಲಕ್ಷವನ್ನು ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಕೊನೆಗೆ ಅಷ್ಟೂ ದುಡ್ಡು ವಾಪಸ್. ತಿಂಗಳ ಬಾಡಿಗೆಯೇ ಇಲ್ಲದ್ದರಿಂದ ಏರಿಕೆಯ ಮಾತಿಲ್ಲ ಎಂಬುದು ಸರಿ.

ಅಪಾಯ ಬೇರೆ ಕಡೆ ಇದೆ. ಆ ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಓನರ್ ಕಂತು ಕಟ್ಟದಿದ್ದರೆ, ಬ್ಯಾಂಕು ಸಾಲ ವಸೂಲಿಗೆಂದೇ ಇರುವ 2002ರ ಸರ್ಫೇಸಿ ಕಾಯ್ದೆಯಡಿ ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತದೆ. ಸ್ಟಾಂಪ್ ಪೇಪರ್ ಮೇಲೆ ಬರೆದ ನೋಂದಣಿಯಾಗದ ಲೀಸ್ ಅದರ ಮುಂದೆ ನಿಲ್ಲುವುದು ಬಹಳ ಕಷ್ಟ. ಇನ್ನೊಂದು ಬಗೆಯ ಮೋಸವೂ ನಡೆಯುತ್ತದೆ. ಮಧ್ಯವರ್ತಿ ನಿಮ್ಮಿಂದ ಲೀಸ್ ದುಡ್ಡು ಪಡೆದು ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತಿರುತ್ತಾನೆ, ಒಂದು ದಿನ ನಾಪತ್ತೆಯಾಗುತ್ತಾನೆ. ಓನರ್ ಬಂದು ಬಾಡಿಗೆ ಎಲ್ಲಿ ಎಂದು ನಿಮ್ಮನ್ನು ಕೇಳುತ್ತಾರೆ.

ಲೀಸ್‌ಗೆ ಹೋಗಲೇಬೇಕೆಂದರೆ ಮನೆಯ ಮೇಲೆ ಸಾಲ, ಅಡಮಾನ ಇದೆಯೋ ಎಂದು ನೋಡಲು ಮೊದಲು ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ. ದುಡ್ಡು ಮೂಲ ಓನರ್ ಖಾತೆಗೆ ನೇರ ಬ್ಯಾಂಕಿನ ಮೂಲಕ ಹೋಗಲಿ. ಪತ್ರ ನೋಂದಣಿಯಾಗಲಿ. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಮನೆಗೆ ಸುರಿಯಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಅರ್ಧದಷ್ಟು ಜನ ಕೇಳಿಲ್ಲ.

## ಏರಿಕೆ ಬಂದೇಬಿಟ್ಟಾಗ

ಅಗ್ರಿಮೆಂಟ್ ಇನ್ನೂ ಆರು ತಿಂಗಳಿದೆ. ಓನರ್ ಮುಂದಿನ ತಿಂಗಳಿಂದ ನಾಲ್ಕು ಸಾವಿರ ಜಾಸ್ತಿ ಕೊಡಿ ಅಂತಿದಾರೆ.

ಕೊಡಬೇಕಾಗಿಲ್ಲ, ಕರಾರಿನಲ್ಲಿ ಹಾಗೆ ಏರಿಸುವ ಷರತ್ತು ಇಲ್ಲದಿದ್ದರೆ. ಹಳೇ ಬಾಡಿಗೆಯನ್ನೇ ಅದೇ ತಾರೀಕಿಗೆ, ಅದೇ ಖಾತೆಗೆ ಹಾಕಿ. ‘ಕರಾರಿನ ಪ್ರಕಾರ ಇಂಥ ತಿಂಗಳವರೆಗೆ ಬಾಡಿಗೆ ಇಷ್ಟು’ ಎಂದು ಒಂದು ಮರ್ಯಾದೆಯ ಸಂದೇಶ ಕಳಿಸಿ. ಒಂದು ಸಲ ಹೆಚ್ಚಿನ ಮೊತ್ತ ಕಟ್ಟಿದಿರೋ, ನೀವು ಒಪ್ಪಿದಿರಿ ಎಂದು ಆಮೇಲೆ ವಾದಿಸುತ್ತಾರೆ.

ಬಾಡಿಗೆ ಕೊಡೋಕೆ ಹೋದರೆ ತಗೊಳ್ತಾನೇ ಇಲ್ಲ. ಏನ್ ಮಾಡೋದು?

ಇದು ಹಳೇ ಪಟ್ಟು. ಆಮೇಲೆ ‘ಮೂರು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ’ ಎಂದು ಕೇಸು. ನಗದು ಹಿಡಿದು ಬಾಗಿಲಲ್ಲಿ ನಿಲ್ಲಬೇಡಿ. ಓನರ್ ಖಾತೆಗೆ ಬ್ಯಾಂಕಿನಿಂದ ಕಳಿಸಿ. ಖಾತೆ ಸಂಖ್ಯೆ ಕೊಡದಿದ್ದರೆ ಚೆಕ್ಕನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಾಪಸ್ ಬಂದರೆ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ. ಆ ಒಡೆಯದ ಲಕೋಟೆ ನಿಮ್ಮ ಸಾಕ್ಷಿ. ನೀವು 1999ರ ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ ಬಾಡಿಗೆಯನ್ನು ಅಧಿಕಾರಿಯ ಬಳಿ ಠೇವಣಿ ಇಡುವ ಅವಕಾಶವೂ ಇದೆ.

ನೀರು ಬಂದ್ ಮಾಡಿದಾರೆ, ಕರೆಂಟ್ ಫ್ಯೂಸ್ ತೆಗೀತೀನಿ ಅಂತಿದಾರೆ.

ಖಾಲಿ ಮಾಡಿಸಲು ಓನರ್‌ಗೆ ಇರುವುದು ಕೋರ್ಟಿನ ದಾರಿ ಒಂದೇ. ಅವಧಿ ಮುಗಿದ ಬಾಡಿಗೆದಾರನನ್ನೂ ಬಲವಂತವಾಗಿ ಹೊರಹಾಕುವಂತಿಲ್ಲ. ಹಾಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಕೇಳಬಹುದು. ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆಯನ್ನೂ ತರಬಹುದು. ವಿದ್ಯುತ್ತು ಮೂಲಭೂತ ಸೌಕರ್ಯ, ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಕೂಡಲೇ ಯಾರಿಗಾದರೂ ಹೇಳಬೇಕೆಂದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567, ಕಾನೂನು ಸೇವೆಗಳದ್ದು 15100. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಇದು ಎಷ್ಟೋ ಅಜ್ಜಿಯರಿಗೆ ಗೊತ್ತೇ ಇಲ್ಲ.

ಮನೆ ಮಾರಿಬಿಟ್ಟರು. ಹೊಸ ಓನರ್ ಬಂದು ನನಗೂ ಹಳೇ ಅಗ್ರಿಮೆಂಟಿಗೂ ಸಂಬಂಧ ಇಲ್ಲ ಅಂತಾರೆ.

ಸಂಬಂಧ ಇದೆ. ಮನೆ ಕೊಂಡವರು ಹಳೇ ಮಾಲೀಕರ ಹಕ್ಕುಗಳ ಜೊತೆಗೆ ಚಾಲ್ತಿಯಲ್ಲಿರುವ ಬಾಡಿಗೆ ಕರಾರನ್ನೂ ಹೊತ್ತೇ ಬರುತ್ತಾರೆ. ಅವಧಿ ಮುಗಿಯುವವರೆಗೆ ಹಳೇ ಬಾಡಿಗೆಯೇ. ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಎಚ್ಚರ: ಅದು ಹೊಸಬರ ಕೈಗೆ ಹೋಯಿತೇ, ಹಳಬರ ಬಳಿಯೇ ಉಳಿಯಿತೇ ಎಂದು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

## ಹಳೇ ಮನೆ, ಹಳೇ ಬಾಡಿಗೆ

ಚಾಮರಾಜಪೇಟೆ ವಠಾರದಲ್ಲಿ ನಲವತ್ತು ವರ್ಷದಿಂದ ಇದ್ದೀವಿ. ಬಾಡಿಗೆ ಇನ್ನೂ ಒಂಬೈನೂರು. ಐದು ಸಾವಿರಕ್ಕೆ ಹೊಸ ಅಗ್ರಿಮೆಂಟ್ ಮಾಡೋಣ ಅಂತಿದಾರೆ.

ಸಹಿ ಹಾಕುವ ಮುಂಚೆ ವಕೀಲರಿಗೆ ತೋರಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನೀವು 1999ರ ಕಾಯ್ದೆಯ ರಕ್ಷಣೆ ಉಳಿದಿರುವ ಕೆಲವರಲ್ಲಿ ಒಬ್ಬರು. ನಿಮ್ಮನ್ನು ಖಾಲಿ ಮಾಡಿಸಬೇಕೆಂದರೆ ಕಾಯ್ದೆ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಅವರು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಾಡಿಗೆ ಎಷ್ಟಿರಬೇಕು ಎಂಬ ತಕರಾರು ಬಂದರೆ ಅದನ್ನು ತೀರ್ಮಾನಿಸಲು ಅಧಿಕಾರಿ ಇದ್ದಾರೆ. ಗೆರೆ ದಾಟಿದ ಮೊತ್ತಕ್ಕೆ ಹೊಸ ಕರಾರು ಮಾಡಿಕೊಂಡರೆ ಈ ರಕ್ಷಣೆಯೇ ಅಲುಗಾಡಬಹುದು.

ನ್ಯಾಯವಾಗಿ ನೋಡಿದರೆ ಒಂಬೈನೂರು ರೂಪಾಯಿಗೆ ಓನರ್ ಹೆಂಚು ಬದಲಿಸುವುದೂ ಆಗದು. ಗೆರೆಯೊಳಗೇ ಉಳಿಯುವಷ್ಟು ನೀವೇ ಏರಿಸಿ ಕೊಡಿ ಎಂದು ನಾನು ಹೇಳುವುದುಂಟು. ಕೋರ್ಟು ಹಾಗೆ ಹೇಳುವುದಿಲ್ಲ, ಅದು ನನ್ನ ಮಾತು.

ಓನರ್‌ಗೂ ಎಪ್ಪತ್ತು ವರ್ಷ. ಅವರಿಗೆ ವಯಸ್ಸಿನ ಮೇಲೆ ಏನೋ ಹಕ್ಕು ಇದೆಯಂತೆ?

ಇದೆ. ಇಡೀ ಕಾಯ್ದೆಯಲ್ಲಿ ನನಗೆ ವಿಚಿತ್ರ ಅನ್ನಿಸಿದ ಜಾಗವೇ ಇದು. 1999ರ ಕಾಯ್ದೆಯ 31ನೇ ಕಲಂ ಪ್ರಕಾರ ಮಾಲೀಕರು ವಿಧವೆಯಾಗಿದ್ದರೆ, ಅಂಗವಿಕಲರಾಗಿದ್ದರೆ ಅಥವಾ 65 ವರ್ಷ ದಾಟಿದ್ದರೆ, ಸ್ವಂತ ಬಳಕೆಗೆಂದು ಮನೆಯನ್ನು ಬೇಗ ಬಿಡಿಸಿಕೊಳ್ಳುವ ವಿಶೇಷ ಹಕ್ಕು ಉಂಟು. ಬಾಡಿಗೆದಾರರಿಗೂ 65 ಆಗಿದ್ದರೆ ಏನು? ಕಲಂ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಫ್ರಾನ್ಸಿನಲ್ಲಿ 1989ರ ಬಾಡಿಗೆ ಕಾನೂನು ಎರಡೂ ಕಡೆ ನೋಡುತ್ತದೆ. ಬಾಡಿಗೆದಾರರಿಗೆ 65 ದಾಟಿ ಆದಾಯ ಕಡಿಮೆಯಿದ್ದರೆ, ಹತ್ತಿರದಲ್ಲೇ ಬೇರೆ ಮನೆ ಒದಗಿಸದೆ ಮಾಲೀಕರು ಕರಾರನ್ನು ನಿಲ್ಲಿಸುವಂತಿಲ್ಲ. ಮಾಲೀಕರಿಗೂ 65 ಆಗಿದ್ದರೆ ಈ ನಿರ್ಬಂಧ ಅವರಿಗಿಲ್ಲ. ಇದರಲ್ಲಿ ಒಂದು ಲೆಕ್ಕವಿದೆ.

ನಮ್ಮ ಯಜಮಾನ್ರು ಹೋಗಿಬಿಟ್ಟರು, ಬಾಡಿಗೆ ಅವರ ಹೆಸರಲ್ಲಿತ್ತು. ಈಗ ಹೊಸ ಬಾಡಿಗೆ ಅಂತಾರೆ.

ಕಾಯ್ದೆಯ ವ್ಯಾಪ್ತಿಯ ಮನೆಯಾಗಿದ್ದರೆ ಬಾಡಿಗೆ ಹಕ್ಕು ಮೊದಲು ಹೆಂಡತಿಗೆ ಬರುತ್ತದೆ, ತೀರಿಕೊಂಡ ದಿನದಿಂದ ಐದು ವರ್ಷದವರೆಗೆ. ವ್ಯಾಪ್ತಿಯ ಹೊರಗಿದ್ದರೆ ಕರಾರಿನ ಉಳಿದ ಅವಧಿಯನ್ನು ವಾರಸುದಾರರಾಗಿ ನೀವು ಕೇಳಬಹುದು. ಹನ್ನೊಂದು ತಿಂಗಳ ಕರಾರಿನಲ್ಲಿ ಉಳಿದದ್ದು ಎಷ್ಟಿದ್ದೀತು?

## ಸ್ವಲ್ಪ ಆಳದ ಪ್ರಶ್ನೆಗಳು

ಕೇಸು ಹಾಕಲಿ, ಹತ್ತು ವರ್ಷ ಎಳೀಬಹುದು ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜಾನಾ?

ಎಳೆಯಬಹುದು, ದುಬಾರಿಯಾಗುತ್ತದೆ. ನೋಟಿಸ್ ಅವಧಿ ಮುಗಿದ ಮೇಲೂ ಮನೆಯಲ್ಲಿ ಉಳಿದರೆ, ಆಮೇಲೆ ನೀವು ಕೊಡಬೇಕಾದ್ದು ಬಾಡಿಗೆಯಲ್ಲ, ಅನಧಿಕೃತ ವಾಸಕ್ಕೆ ನಷ್ಟಪರಿಹಾರ. ಅದನ್ನು ಕೋರ್ಟು ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಬಹುದು. ಖಾಲಿ ಮಾಡಲು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆದ ಮೇಲೆ ಅಪೀಲಿಗೆ ಹೋಗಿ ತಡೆ ಕೇಳಿದರೆ, ಮಾರುಕಟ್ಟೆ ದರ ಕಟ್ಟಿಕೊಂಡು ಇರಿ ಎಂದು ಷರತ್ತು ಹಾಕುವ ಅಧಿಕಾರ ಕೋರ್ಟಿಗಿದೆ ಎಂದು ಆತ್ಮಾರಾಮ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ನಾಲ್ಕು ಸಾವಿರದ ಏರಿಕೆ ಉಳಿಸಲು ಹೋಗಿ ಲಕ್ಷಗಟ್ಟಲೆ ಬಾಕಿ ತಲೆಗೆ ಬರಬಹುದು. ಬಹಳಷ್ಟು ಪ್ರಕರಣಗಳಲ್ಲಿ ಕೋರ್ಟಿನಿಂದ ಸಿಗುವ ನಿಜವಾದ ಲಾಭವೆಂದರೆ ಮನೆ ಹುಡುಕಲು ಆರೆಂಟು ತಿಂಗಳ ಕಾಲಾವಕಾಶ. ಅದನ್ನು ರಾಜಿಯಲ್ಲೇ ಪಡೆಯುವುದು ಅಗ್ಗ.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದೂರು ಕೊಟ್ಟರೆ ಓನರ್ ಬಗ್ಗಲ್ವಾ?

ಇಲ್ಲ. ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ, ಪೋಷಣೆ ಕಾಯ್ದೆ ಇರುವುದು ಮಕ್ಕಳಿಂದ, ಹತ್ತಿರದ ಬಂಧುಗಳಿಂದ ಜೀವನಾಂಶ ಪಡೆಯಲು. ಅಸಿಸ್ಟೆಂಟ್ ಕಮಿಷನರ್ ನೇತೃತ್ವದ ನ್ಯಾಯಮಂಡಳಿಗೆ ನಿಮ್ಮ ಬಾಡಿಗೆ ವ್ಯಾಜ್ಯ ಕೇಳುವ ಅಧಿಕಾರವಿಲ್ಲ. ಮಗ ಬಾಡಿಗೆ ಕಟ್ಟಲು ದುಡ್ಡು ಕೊಡುತ್ತಿಲ್ಲ ಎಂಬುದು ನಿಮ್ಮ ದೂರಾದರೆ ಆಗ ಅಲ್ಲಿಗೆ ಹೋಗಬಹುದು.

ನಾವು ಮುಂಬಯಿಯಲ್ಲಿ ಮಾಟುಂಗದ ಪಗಡಿ ಮನೆಯಲ್ಲಿದ್ದೇವೆ, ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಸಣ್ಣ ಬಾಡಿಗೆಗೆ ಇರುವ ಹಳೇ ಪದ್ಧತಿಯದ್ದು. ನಮಗೂ ಇದೇ ಕಥೆಯಾ?

ಅಲ್ಲ, ನಿಮ್ಮದು ಗಟ್ಟಿ. 2000ದ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ನಿಮ್ಮಂಥವರ ಬಾಡಿಗೆಯನ್ನು ವರ್ಷಕ್ಕೆ ಶೇಕಡಾ 4ರಷ್ಟು ಮಾತ್ರ ಏರಿಸಲು ಬಿಡುತ್ತದೆ. ತಿಂಗಳಿಗೆ 600 ರೂಪಾಯಿ ಕೊಡುತ್ತಿದ್ದರೆ ಏರಿಕೆ 24 ರೂಪಾಯಿ. ಆದರೆ ಅದೇ ಊರಿನಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಮೇಲೆ ಫ್ಲ್ಯಾಟ್ ಹಿಡಿದ ನಿಮ್ಮ ಮಗನಿಗೆ ಈ ನಾಲ್ಕು ಪರ್ಸೆಂಟ್ ಇಲ್ಲ. ಕಾನೂನಿನ ಕಣ್ಣಿಗೆ ಅವನು ಬಾಡಿಗೆದಾರನೇ ಅಲ್ಲ, ಪರವಾನಗಿ ಪಡೆದವನು.

ಮಗಳು ನ್ಯೂಯಾರ್ಕಿನಲ್ಲಿದ್ದಾಳೆ. ಅಲ್ಲಿ ವಯಸ್ಸಾದವರಿಗೆ ಬಾಡಿಗೆ ಏರಿಸೋ ಹಾಗೇ ಇಲ್ವಂತೆ?

ಎಲ್ಲರಿಗೂ ಅಲ್ಲ. ನ್ಯೂಯಾರ್ಕ್ ನಗರದಲ್ಲಿ ‘ಸ್ಕ್ರೀ’ ಎಂಬ ಯೋಜನೆ 1970ರಿಂದ ಇದೆ. 62 ದಾಟಿರಬೇಕು, ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆಯಾಗಿರಬೇಕು, ಕರಾರಿನಲ್ಲಿ ಹೆಸರಿರಬೇಕು, ಮನೆಯವರೆಲ್ಲರ ಒಟ್ಟು ಆದಾಯ ಮಿತಿಯೊಳಗಿರಬೇಕು, ಆದಾಯದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುತ್ತಿರಬೇಕು. ಆದಾಯದ ಮಿತಿಯನ್ನು 2014ರಲ್ಲಿ ವರ್ಷಕ್ಕೆ 29,000 ಡಾಲರಿನಿಂದ 50,000ಕ್ಕೆ ಏರಿಸಿದರು. ಇಷ್ಟೆಲ್ಲ ಕೂಡಿ ಬಂದರೆ ಬಾಡಿಗೆ ಅಲ್ಲಿಗೇ ನಿಲ್ಲುತ್ತದೆ. ಮಗಳ ಜೊತೆ ಅವಳ ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಇದು ಸಿಗುವುದು ಕಷ್ಟ. ಅವಳ ಸಂಬಳವೂ ಲೆಕ್ಕಕ್ಕೆ ಬರುತ್ತದೆ.

ಆ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಬೇರೆ. ಏರಿಕೆಯ ಮೊತ್ತವನ್ನು ಓನರ್ ಕಳೆದುಕೊಳ್ಳುವುದಿಲ್ಲ, ಅವರ ಆಸ್ತಿ ತೆರಿಗೆಯಲ್ಲಿ ಅಷ್ಟನ್ನು ನಗರ ಮುರಿದುಕೊಡುತ್ತದೆ. ನಮ್ಮಲ್ಲಿ ಬಾಡಿಗೆಯ ಚರ್ಚೆ ಯಾವಾಗಲೂ ಓನರ್ ಮತ್ತು ಬಾಡಿಗೆದಾರ ಇಬ್ಬರಲ್ಲಿ ಯಾರ ಜೇಬು ಎಂಬಲ್ಲಿಗೇ ನಿಲ್ಲುತ್ತದೆ. ಆಸ್ತಿ ತೆರಿಗೆ ಕಟ್ಟಿಸಿಕೊಳ್ಳುವ ನಮ್ಮ ಪಾಲಿಕೆಗೂ ಒಂದು ಜೇಬಿದೆ ಎಂಬುದನ್ನು ಇಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ.